ಗಿರಣಿಯಾಟದಿಂದ ಹುಟ್ಟಿದ ಪಾಠಕ್ರಮ: ಫ್ರಾನ್ಸ್ವಾ ಗ್ವೆನ್ನನ ಬದುಕು

ಪರಭಾಷೆಯನ್ನು ಕಲಿಸುವ ಕ್ರಮಗಳ ಇತಿಹಾಸದಲ್ಲಿ ಫ್ರಾನ್ಸ್ವಾ ಗ್ವೆನ್ನನದು (1831–1896) ಬಿಟ್ಟು ಮುಂದೆ ಹೋಗಲಾಗದ ಹೆಸರು. ಆತ ಫ್ರಾನ್ಸಿನ ನಾರ್ಮಂಡಿ ಪ್ರಾಂತದವನು, ವೃತ್ತಿಯಿಂದ ಅಧ್ಯಾಪಕ. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ನುರಿತಿದ್ದ ಈ ವಿದ್ವಾಂಸನು ಜರ್ಮನ್ ಕಲಿಯಹೊರಟು ಹೀನಾಯವಾಗಿ ಸೋತನು. ಆ ಸೋಲಿಗೆ ಕಾರಣವನ್ನು ಕಂಡುಕೊಂಡದ್ದು ಯಾವ ಗ್ರಂಥಾಲಯದಲ್ಲಿಯೂ ಅಲ್ಲ. ಮರಳನ್ನು ಚೀಲಕ್ಕೆ ತುಂಬಿ ಗಿರಣಿಯಾಟ ಆಡುತ್ತಿದ್ದ ಪುಟ್ಟ ಮಗುವೊಂದರ ಬಳಿ. ಆ ಆಟದಿಂದ ಹುಟ್ಟಿದ ಸರಣಿ ಪದ್ಧತಿಯು ಇಂಗ್ಲೆಂಡಿನಿಂದ ತೈವಾನಿನವರೆಗೆ ಸಂಚರಿಸಿತು. ಇಂದು ತರಗತಿಯಲ್ಲಿ ಮಕ್ಕಳಿಗೆ ಆಟವಾಡಿಸುತ್ತ ಮಾತು ಕಲಿಸುವ ಅಧ್ಯಾಪಕರಲ್ಲಿ ಬಹುಮಂದಿ ಆತನ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೂ ಅವರು ನಡೆಯುತ್ತಿರುವ ದಾರಿಯ ಒಂದು ಭಾಗವನ್ನು ಸವೆಸಿದವನು ಆತ.

ನಾನು ಸೌದಿ ಅರೇಬಿಯದ ಪೂರ್ವ ಕರಾವಳಿಯ ಜುಬೈಲ್ ನಗರದಲ್ಲಿ ಶಾಲಾ ಮಕ್ಕಳಿಗೆ ಫ್ರೆಂಚ್ ಕಲಿಸುತ್ತೇನೆ. ಗ್ವೆನ್ನನ ಬದುಕನ್ನು ಕನ್ನಡದಲ್ಲಿ ಹೇಳಬೇಕೆಂಬ ಆಸೆ ನನಗೆ ಹುಟ್ಟಿದ್ದು ಈ ವೃತ್ತಿಯಿಂದಲೇ. ಆತನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಆತನೇ ಬರೆದ ಗ್ರಂಥದಿಂದ ಬಂದದ್ದು. ತನ್ನ ಸೋಲನ್ನು ಅಷ್ಟು ವಿವರವಾಗಿ, ಲೆಕ್ಕಸಮೇತ ದಾಖಲಿಸಿದ ವಿದ್ವಾಂಸರು ವಿರಳ. ಆ ಕಥನದ ಸಾರವನ್ನು ಮೊದಲು ಹೇಳಿ, ಆಮೇಲೆ ಅದರ ಫಲಾಫಲಗಳನ್ನು ವಿಚಾರಿಸುತ್ತೇನೆ.

ಹ್ಯಾಂಬರ್ಗಿನ ಕೋಣೆ

ನಾರ್ಮಂಡಿಯ ಕಾನ್ ನಗರದಲ್ಲಿ ಓದುತ್ತಿದ್ದ ತರುಣ ಗ್ವೆನ್ನನಿಗೆ ತತ್ತ್ವಶಾಸ್ತ್ರದಲ್ಲಿ ಒಲವು. ಆ ಕಾಲಕ್ಕೆ ತತ್ತ್ವಶಾಸ್ತ್ರವೆಂದರೆ ಜರ್ಮನಿ. ಬರ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಗಳನ್ನು ಕೇಳಿ ಬರುವಂತೆ ಗುರುಗಳು ಸಲಹೆಯಿತ್ತರು. ಅದಕ್ಕೆ ಮೊದಲು ಭಾಷೆ ಬರಬೇಕಷ್ಟೆ. ಆತ ಹ್ಯಾಂಬರ್ಗಿಗೆ ಹೋಗಿ ನೆಲೆಸಿದನು. ಲ್ಯಾಟಿನ್ನನ್ನೂ ಗ್ರೀಕನ್ನೂ ಕಲಿತ ದಾರಿಯೇ ಜರ್ಮನ್ನಿಗೂ ಸಾಕೆಂದು ಆತ ನಂಬಿದ್ದನು. ಕೋಣೆಯ ಬಾಗಿಲು ಹಾಕಿಕೊಂಡು ಸುಮಾರು ಹತ್ತು ದಿನಗಳಲ್ಲಿ ಜರ್ಮನ್ ವ್ಯಾಕರಣವನ್ನೂ ಅದರ 248 ಅನಿಯಮಿತ ಕ್ರಿಯಾಪದಗಳನ್ನೂ ಕಂಠಸ್ಥ ಮಾಡಿದನು. ಬಳಿಕ ಅಲ್ಲಿನ ವಿದ್ಯಾಸಂಸ್ಥೆಯೊಂದರ ಉಪನ್ಯಾಸಕ್ಕೆ ಹೋಗಿ ಕುಳಿತನು. ಒಂದು ಪದವೂ ಕಿವಿಗೆ ದಕ್ಕಲಿಲ್ಲ.

ಬೇರುಗಳು ತಿಳಿಯದೆ ಹೀಗಾಯಿತೆಂದು ಭಾವಿಸಿ 800 ಧಾತುಗಳನ್ನು ಬಾಯಿಪಾಠ ಮಾಡಿದನು, ವ್ಯಾಕರಣವನ್ನು ಮತ್ತೊಮ್ಮೆ ತಿರುವಿಹಾಕಿದನು. ಮತ್ತೆ ಉಪನ್ಯಾಸ, ಮತ್ತೆ ಶೂನ್ಯ. ಕ್ಷೌರದಂಗಡಿಯಲ್ಲಿ ಕುಳಿತು ಗಿರಾಕಿಗಳ ಮಾತನ್ನು ಆಲಿಸಿದನು. ತಾನೂ ಎಚ್ಚರಿಕೆಯಿಂದ ವಾಕ್ಯವೊಂದನ್ನು ಜೋಡಿಸಿ ಆಡಿದರೆ ಕೇಳಿದವರು ನಕ್ಕರು. ಗಯಟೆ ಮತ್ತು ಷಿಲ್ಲರರ ಕೃತಿಗಳನ್ನು ಪದಪದವಾಗಿ ಅನುವಾದಿಸಿದನು. ಆ ಕಾಲದಲ್ಲಿ ಯುರೋಪಿನಾದ್ಯಂತ ಹೆಸರಾಗಿದ್ದ ಓಲೆಂಡಾರ್ಫನ ಪಠ್ಯಕ್ರಮವನ್ನೂ ಪ್ರಯತ್ನಿಸಿದನು. ಕಡೆಗೆ ಜರ್ಮನ್ ನಿಘಂಟನ್ನೇ ಕೈಗೆತ್ತಿಕೊಂಡು ಕೆಲವೇ ವಾರಗಳಲ್ಲಿ ಸುಮಾರು 30,000 ಪದಗಳನ್ನು ನೆನಪಿಗೆ ತುಂಬಿಕೊಂಡನು. ಇಷ್ಟಾಗಿಯೂ ಬೀದಿಯ ಮಾತು ಆತನಿಗೆ ಬರಿಯ ಸದ್ದಾಗಿಯೇ ಉಳಿಯಿತು. ಈ ಸಾಹಸದಲ್ಲಿ ಕಣ್ಣು ಕೆಟ್ಟು ಕೆಲಕಾಲ ಓದನ್ನು ನಿಲ್ಲಿಸಬೇಕಾಯಿತು.

ಈ ಕಥನವನ್ನು ಓದುವಾಗ ನಗು ಬರುತ್ತದೆ. ಆದರೆ ನಕ್ಕು ಬಿಟ್ಟುಬಿಡುವಂಥದ್ದಲ್ಲ. ಗ್ವೆನ್ ಸೋಮಾರಿಯಲ್ಲ, ಮಂದಮತಿಯೂ ಅಲ್ಲ. ಆತನ ಕಾಲದ ಶಾಲೆ ಯಾವುದನ್ನು ಭಾಷಾಕಲಿಕೆ ಎಂದು ಕರೆಯುತ್ತಿತ್ತೋ ಅದನ್ನು ಯಾರಿಗಿಂತಲೂ ಹೆಚ್ಚಿನ ನಿಷ್ಠೆಯಿಂದ ಮಾಡಿದವನು. ಅಷ್ಟನ್ನೂ ಮಾಡಿ ಸೋತದ್ದರಿಂದಲೇ ಆ ಸೋಲಿಗೆ ಸಾಕ್ಷ್ಯದ ಬೆಲೆ ಬಂದಿತು. ಅರ್ಧ ಓದಿ ಸೋತವನು ತನ್ನನ್ನು ದೂಷಿಸಿಕೊಳ್ಳಬಹುದು. ನಿಘಂಟನ್ನೇ ನುಂಗಿ ಸೋತವನು ವಿಧಾನವನ್ನು ಪ್ರಶ್ನಿಸದೆ ಬೇರೆ ಗತಿಯಿಲ್ಲ.

ಗಿರಣಿಗೆ ಹೋಗಿಬಂದ ಮಗು

ಸುಮಾರು ಒಂದು ವರ್ಷದ ವ್ಯರ್ಥ ಶ್ರಮದ ಬಳಿಕ ಗ್ವೆನ್ ಊರಿಗೆ ಮರಳಿದನು. ಆತ ಹೊರಟಾಗ ಇನ್ನೂ ತೊದಲುತ್ತಿದ್ದ ಸೋದರ ಸಂಬಂಧದ ಮಗುವಿಗೆ ಈಗ ಮೂರರ ಹತ್ತಿರದ ವಯಸ್ಸು. ಈ ಅವಧಿಯಲ್ಲಿ ಆ ಹುಡುಗ ತನ್ನ ಮಾತೃಭಾಷೆಯಾದ ಫ್ರೆಂಚನ್ನು ಅರಳು ಹುರಿದಂತೆ ಆಡಲು ಕಲಿತುಬಿಟ್ಟಿದ್ದನು. ವ್ಯಾಕರಣವಿಲ್ಲ, ನಿಘಂಟಿಲ್ಲ, ಕಣ್ಣುನೋವೂ ಇಲ್ಲ. ವಿದ್ವಾಂಸನಿಗೆ ಇದು ಅಪಮಾನದಂತೆಯೂ ಒಗಟಿನಂತೆಯೂ ತೋರಿತು. ಆತ ಮಗುವನ್ನು ಗಮನಿಸತೊಡಗಿದನು.

ಒಂದು ದಿನ ತಾಯಿಯ ಜೊತೆಗೆ ಆ ಮಗು ಹಿಟ್ಟಿನ ಗಿರಣಿಗೆ ಹೋಯಿತು. ಅಲ್ಲಿಯವರೆಗೆ ಅದು ಗಿರಣಿಯನ್ನು ಕಂಡಿರಲಿಲ್ಲ. ಧಾನ್ಯದ ಚೀಲಗಳನ್ನು ಹೊರುವುದು, ಬೀಸುಗಲ್ಲಿನ ಬಾಯಿಗೆ ಸುರಿಯುವುದು, ನೀರಿನ ರಭಸಕ್ಕೆ ಚಕ್ರ ತಿರುಗುವುದು, ಹಿಟ್ಟು ಉದುರುವುದು, ತೌಡು ಬೇರೆಯಾಗುವುದು ಇವೆಲ್ಲವನ್ನೂ ಅದು ಓಡಾಡಿ ನೋಡಿತು, ಪ್ರಶ್ನೆಗಳನ್ನು ಕೇಳಿತು. ಮನೆಗೆ ಬಂದ ಮೇಲೆ ಕೆಲಕಾಲ ಮೌನವಾಗಿದ್ದು, ಬಳಿಕ ಸಿಕ್ಕಸಿಕ್ಕವರಿಗೆಲ್ಲ ಗಿರಣಿಯ ವೃತ್ತಾಂತವನ್ನು ಹೇಳತೊಡಗಿತು. ಪ್ರತಿಸಲವೂ ವಿವರಗಳು ಅಷ್ಟಿಷ್ಟು ಬದಲಾಗುತ್ತಿದ್ದವು; ಆದರೆ ಕ್ರಮ ತಪ್ಪುತ್ತಿರಲಿಲ್ಲ. ಒಂದಾದ ಮೇಲೆ ಒಂದು, ಆಮೇಲೆ ಮತ್ತೊಂದು.

ಹೇಳಿದ್ದರಿಂದ ಮಗುವಿಗೆ ತೃಪ್ತಿಯಾಗಲಿಲ್ಲ. ಅದಕ್ಕೆ ಆಡಬೇಕಿತ್ತು. ಮನೆಯವರು ಚಿಕ್ಕ ಚೀಲಗಳನ್ನು ಮಾಡಿಕೊಟ್ಟರು; ಹರಿಯುವ ನೀರಿನಲ್ಲಿ ಆಟಿಕೆಯ ಗಿರಣಿಯೊಂದು ನಿಂತಿತು. ಮಗು ಚೀಲಗಳಿಗೆ ಮರಳು ತುಂಬಿ, ಹೆಗಲಿಗೇರಿಸಿ, ಗಿರಣಿಗೆ ಸಾಗಿಸಿ, ಸುರಿದು, ಬೀಸಿ, ಮತ್ತೆ ತುಂಬಿಕೊಂಡು ಮನೆಗೆ ತಂದಿತು. ಗ್ವೆನ್ನನ ಕಿವಿ ನೆಟ್ಟಗಾದದ್ದು ಇಲ್ಲಿ: ಪ್ರತಿಯೊಂದು ಕ್ರಿಯೆಯನ್ನೂ ಮಗು ಮಾಡುತ್ತ ಮಾಡುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿತ್ತು. ಕೈ ಒಂದನ್ನು ಮಾಡಿದರೆ ಬಾಯಿ ಅದನ್ನೇ ಆಡುತ್ತಿತ್ತು. ಬೆಳಿಗ್ಗೆ ಕೇಳಿದ ಹೊಸ ಪದಗಳು ಸಂಜೆಯೊಳಗೆ ಅದರ ಸ್ವಂತ ಸೊತ್ತಾಗಿದ್ದವು.

ನಮ್ಮ ಊರುಗಳಲ್ಲಿ ಬೆಳೆದವರಿಗೆ ಈ ದೃಶ್ಯ ಹೊಸದಲ್ಲ. ಗೆರಟೆಯ ಪಾತ್ರೆ, ಎಲೆಯ ಪಲ್ಯ, ಮಣ್ಣಿನ ಅನ್ನ ಇಟ್ಟುಕೊಂಡು ಅಡುಗೆಯಾಟ ಆಡುವ ಮಕ್ಕಳು ಒಲೆ ಹೊತ್ತಿಸುವುದರಿಂದ ಎಲೆ ಎತ್ತುವವರೆಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಲೇ ಇರುತ್ತಾರೆ. ಅಂಗಡಿಯಾಟವೂ ಹಾಗೆಯೇ, ಮದುವೆಯಾಟವೂ ಹಾಗೆಯೇ. ಹಿರಿಯರು ಇದನ್ನು ಹೊತ್ತು ಕಳೆಯುವ ಹುಡುಗಾಟವೆಂದುಕೊಳ್ಳುತ್ತಾರೆ. ಗ್ವೆನ್ ಇದರಲ್ಲಿ ಒಂದು ಪಾಠಶಾಲೆಯನ್ನೇ ಕಂಡನು.

ಸರಣಿ ಪದ್ಧತಿ

ಆ ಮಗುವಿನ ಆಟದಿಂದ ಗ್ವೆನ್ ತೆಗೆದ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು. ಮಗು ಅನುಭವವನ್ನು ಬಿಡಿಬಿಡಿ ಪದಗಳಾಗಿ ಇಟ್ಟುಕೊಳ್ಳುವುದಿಲ್ಲ. ಕಾಲಕ್ರಮದ ಸರಪಣಿಯಾಗಿ ಪೋಣಿಸಿಕೊಳ್ಳುತ್ತದೆ. ಆ ಸರಪಣಿಯ ಪ್ರತಿಯೊಂದು ಕೊಂಡಿಯೂ ಒಂದು ಗುರಿಯ ಕಡೆಗಿನ ಹೆಜ್ಜೆ. ವಾಕ್ಯದ ಜೀವ ಕ್ರಿಯಾಪದದಲ್ಲಿದೆ; ನಾಮಪದಗಳು ಅದರ ಸುತ್ತ ಬಂದು ಕೂಡುತ್ತವೆ. ಭಾಷೆಯ ಮೊದಲ ಇಂದ್ರಿಯ ಕಿವಿ, ಕಣ್ಣಲ್ಲ. ಆದ್ದರಿಂದ ಕೇಳುವುದು ಮೊದಲು, ಆಡುವುದು ಬಳಿಕ, ಓದುಬರಹ ಆಮೇಲೆ.

ಈ ತತ್ತ್ವಗಳ ಮೇಲೆ ಆತ ಪಾಠಗಳನ್ನು ಕಟ್ಟಿದನು. ಬಾಗಿಲು ತೆರೆಯುವಂಥ ಸಾಮಾನ್ಯ ಕೆಲಸವನ್ನು ಬಾಗಿಲಿನತ್ತ ನಡೆಯುವುದು, ಹತ್ತಿರವಾಗುವುದು, ಹಿಡಿಕೆಗೆ ಕೈಯಿಡುವುದು ಮೊದಲಾದ ಸಣ್ಣ ಕ್ರಿಯೆಗಳಾಗಿ ಬಿಡಿಸಿ, ಒಂದೊಂದಕ್ಕೂ ಒಂದೊಂದು ಚಿಕ್ಕ ವಾಕ್ಯವನ್ನು ಹೊಂದಿಸಿದನು. ಅಧ್ಯಾಪಕ ಮಾಡಿ ತೋರಿಸುತ್ತ ಹೇಳಬೇಕು. ಮಕ್ಕಳು ಕೇಳಿ, ಮನಸ್ಸಿನಲ್ಲಿ ಚಿತ್ರಿಸಿಕೊಂಡು, ಆಮೇಲೆ ತಾವೂ ಹೇಳಬೇಕು. ಮನೆ, ಸಮಾಜ, ನಿಸರ್ಗ, ವಿಜ್ಞಾನ, ಕಸುಬುಗಳು ಎಂಬ ವಿಶಾಲ ವಿಭಾಗಗಳಲ್ಲಿ ಇಂಥ ಸರಣಿಗಳನ್ನು ಹರಡಿ, ಇಡೀ ಭಾಷೆಯನ್ನು ಅವುಗಳೊಳಗೆ ತರಬಹುದೆಂದು ಆತ ಎಣಿಸಿದನು.

ಕ್ರಿಯೆಗಳನ್ನು ಹೇಳುವ ಈ ವಸ್ತುನಿಷ್ಠ ಭಾಷೆಯ ಪಕ್ಕದಲ್ಲಿ ಆತ ಇನ್ನೆರಡು ಬಗೆಯನ್ನು ಗುರುತಿಸಿದನು. ಮೆಚ್ಚುಗೆ, ಸಂದೇಹ, ಬೇಡಿಕೆ, ಅಸಮ್ಮತಿ ಮುಂತಾದ ಮನೋಭಾವಗಳನ್ನು ಸೂಚಿಸುವುದು ಆತ್ಮನಿಷ್ಠ ಭಾಷೆ. ಉಪಮೆ ರೂಪಕಗಳಿಂದ ಅಮೂರ್ತವನ್ನು ಹೇಳುವುದು ಆಲಂಕಾರಿಕ ಭಾಷೆ. ಇವುಗಳಲ್ಲಿ ಎರಡನೆಯದನ್ನು ಕಲಿಸುವ ಆತನ ಉಪಾಯ ನನಗೆ ಬಹಳ ಮೆಚ್ಚುಗೆಯಾದುದು. ಸರಣಿಯ ನಡುನಡುವೆ ಅಧ್ಯಾಪಕನು ವಿದ್ಯಾರ್ಥಿಗೆ ಆಡುವ ಭೇಷ್, ಇನ್ನೊಮ್ಮೆ ಹೇಳು, ತಾಳು ಎಂಬಂಥ ಮಾತುಗಳೆಲ್ಲ ಕಲಿಯುವ ಭಾಷೆಯಲ್ಲಿಯೇ ಇರಬೇಕು. ಅಲ್ಲಿ ಮಾತು ಅಭ್ಯಾಸಕ್ಕಾಗಿ ಹುಟ್ಟುವುದಿಲ್ಲ, ನಿಜವಾದ ಅಗತ್ಯದಿಂದ ಹುಟ್ಟುತ್ತದೆ. ಆಟದಲ್ಲಿ ಮಕ್ಕಳು ನನ್ನ ಸರದಿ, ನೀನು ಮೋಸ ಮಾಡಿದೆ, ಇನ್ನೊಂದು ಚೀಟಿ ಕೊಡು ಎಂದು ಜಗಳಾಡುವುದೂ ಈ ಬಗೆಯ ಭಾಷೆಯೇ.

ಈ ಅರಿವಿನೊಡನೆ ಗ್ವೆನ್ ಜರ್ಮನಿಗೆ ಮರಳಿದನು. ಮಕ್ಕಳ ಒಡನಾಟದಲ್ಲಿ ಜರ್ಮನ್ನನ್ನು ಹೊಸದಾಗಿ ಕಲಿತು, ಕೆಲವೇ ತಿಂಗಳುಗಳಲ್ಲಿ ತತ್ತ್ವಶಾಸ್ತ್ರದ ಚರ್ಚೆಗಳಲ್ಲಿ ಭಾಗವಹಿಸುವಷ್ಟು ಸಮರ್ಥನಾದೆನೆಂದು ಆತನೇ ಹೇಳಿಕೊಂಡಿದ್ದಾನೆ. ಆಮೇಲಿನ ಬದುಕೆಲ್ಲ ಬೋಧನೆಗೆ ಮೀಸಲಾಯಿತು. ತರುಣನಾಗಿ ಕಂಡ ಸತ್ಯವನ್ನು ದಶಕಗಳ ಕಾಲ ತರಗತಿಗಳಲ್ಲಿ ಪರೀಕ್ಷಿಸಿ, ಭಾಷೆಗಳನ್ನು ಕಲಿಸುವ ಮತ್ತು ಕಲಿಯುವ ಕಲೆಯನ್ನು ಕುರಿತ ತನ್ನ ಗ್ರಂಥವನ್ನು 1880ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದನು. ಆಗ ಆತನಿಗೆ ಐವತ್ತರ ಸಮೀಪ.

ಸಮುದ್ರದಾಚೆಯ ಕೀರ್ತಿ

ಆ ಗ್ರಂಥಕ್ಕೆ ದೊಡ್ಡ ಹೆಸರು ಬಂದದ್ದು ಇಂಗ್ಲಿಷಿನಲ್ಲಿ. ಹಾವರ್ಡ್ ಸ್ವಾನ್ ಮತ್ತು ವಿಕ್ಟರ್ ಬೆತಿಸ್ ಎಂಬಿಬ್ಬರು ಮಾಡಿದ ಅನುವಾದ 1892ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಆ ಕಾಲದ ಪ್ರಭಾವಶಾಲಿ ಪತ್ರಕರ್ತ ಡಬ್ಲ್ಯು. ಟಿ. ಸ್ಟೆಡ್ ತನ್ನ ಪತ್ರಿಕೆಯಲ್ಲಿ ಈ ಪದ್ಧತಿಯ ಪರವಾಗಿ ಬರೆದನು. ತನ್ನ ಮಕ್ಕಳಿಗೇ ಇದರ ಪ್ರಕಾರ ಫ್ರೆಂಚ್ ಪಾಠ ಹೇಳಿಸಿ ಪರೀಕ್ಷಿಸಿದನು. ಮುಂದೆ 1912ರಲ್ಲಿ ಟೈಟಾನಿಕ್ ಹಡಗಿನೊಡನೆ ಮುಳುಗಿದ ಸ್ಟೆಡ್ ಈತನೇ.

ಅದು ಯುರೋಪಿನಲ್ಲಿ ಭಾಷಾಬೋಧನೆಯ ಸುಧಾರಣೆಗೆ ಹಲವು ಕಡೆಗಳಿಂದ ಕೂಗೆದ್ದ ಕಾಲ. 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ ತನ್ನ ಮೊದಲ ಭಾಷಾಶಾಲೆಯನ್ನು ತೆರೆದಿದ್ದನು. ಕಲಿಯುವ ಭಾಷೆಯೊಂದನ್ನೇ ಆಡುವುದು ಅಲ್ಲಿನ ಕಟ್ಟಳೆ. 1882ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೀಟರ್ ವ್ಯಾಕರಣಪ್ರಧಾನ ಬೋಧನೆಯ ವಿರುದ್ಧ ಹೊತ್ತಗೆಯೊಂದನ್ನು ಹೊರತಂದನು. 1886ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಪಾಸಿಯ ಮುಂದಾಳುತನದಲ್ಲಿ ಧ್ವನಿಶಾಸ್ತ್ರದ ಅಧ್ಯಾಪಕರ ಸಂಘ ಹುಟ್ಟಿತು. ಇಂದಿನ ಅಂತರರಾಷ್ಟ್ರೀಯ ಧ್ವನಿಲಿಪಿ ಅದರ ಕೊಡುಗೆ. ಫ್ರಾನ್ಸಿನ ಸರ್ಕಾರ 1902ರಲ್ಲಿ ನೇರ ಪದ್ಧತಿಯನ್ನು ಶಾಲೆಗಳಿಗೆ ವಿಧಿಸಿದಾಗ ಗ್ವೆನ್ ತೀರಿಕೊಂಡು ಆರು ವರ್ಷಗಳಾಗಿದ್ದವು.

ಆತನ ಪದ್ಧತಿಯ ದೂರಪ್ರಯಾಣ ಇನ್ನೂ ವಿಚಿತ್ರವಾದುದು. 1895ರಲ್ಲಿ ತೈವಾನ್ ಜಪಾನಿನ ವಶವಾಯಿತು. ಅಲ್ಲಿನ ಮಕ್ಕಳಿಗೆ ಜಪಾನಿ ಕಲಿಸಲು ಹೊರಟ ಜಪಾನಿ ಅಧ್ಯಾಪಕರು ಗ್ವೆನ್ನನ ಸರಣಿಗಳನ್ನು ಬಳಸಿಕೊಂಡರು. ನಾರ್ಮಂಡಿಯ ಮಗುವೊಂದು ಸ್ವಸಂತೋಷಕ್ಕಾಗಿ ಆಡಿದ ಆಟ ಒಂದು ಸಾಮ್ರಾಜ್ಯದ ಭಾಷಾನೀತಿಯ ಉಪಕರಣವಾಯಿತು. ಬೋಧನಕ್ರಮ ಎಷ್ಟು ಮನೋಹರವಾಗಿದ್ದರೂ, ಅದನ್ನು ಯಾರು ಯಾರಿಗೆ ಯಾಕೆ ಕಲಿಸುತ್ತಾರೆಂಬ ಪ್ರಶ್ನೆ ಬೇರೆಯಾಗಿಯೇ ಉಳಿಯುತ್ತದೆ.

ಜುಬೈಲಿನ ತರಗತಿಯಲ್ಲಿ

ಸೌದಿ ಅರೇಬಿಯದಲ್ಲಿ ಫ್ರೆಂಚ್ ಆಳಿದವರ ಭಾಷೆಯಲ್ಲ, ಬೀದಿಯ ಭಾಷೆಯೂ ಅಲ್ಲ. ಫ್ರೆಂಚ್ ವಿದ್ವಾಂಸರ ಸಂಬಂಧ ಈ ನೆಲಕ್ಕೆ ಹಳೆಯದು: 1907ರಲ್ಲಿ ಜೋಸೆನ್ ಮತ್ತು ಸಾವಿಞಾಕ್ ಎಂಬ ಪಾದ್ರಿಗಳು ವಾಯವ್ಯದ ಮದಾಇನ್ ಸಾಲಿಹ್‌ನ ನಬಾತಿ ಸಮಾಧಿಗಳನ್ನೂ ಶಾಸನಗಳನ್ನೂ ಪರಿಶೀಲಿಸಿದರು. ಆ ತಾಣ 2008ರಲ್ಲಿ ಈ ದೇಶದ ಮೊತ್ತಮೊದಲ ವಿಶ್ವಪರಂಪರೆಯ ತಾಣವಾಯಿತು; ಅದನ್ನೊಳಗೊಂಡ ಅಲ್-ಉಲಾ ಪ್ರದೇಶದ ಅಭಿವೃದ್ಧಿಗಾಗಿ 2018ರಲ್ಲಿ ಸೌದಿ ಮತ್ತು ಫ್ರಾನ್ಸ್ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಆದರೂ ಜುಬೈಲಿನ ಹುಡುಗನಿಗೆ ಶಾಲೆಯ ಗೇಟು ದಾಟಿದೊಡನೆ ಫ್ರೆಂಚ್ ಕೇಳಿಸುವುದಿಲ್ಲ. ಅವನ ಕಿವಿಗೂ ನಾಲಿಗೆಗೂ ದೊರೆಯುವುದು ತರಗತಿಯ ನಲವತ್ತು ನಿಮಿಷ ಮಾತ್ರ. ಹ್ಯಾಂಬರ್ಗಿನ ಗ್ವೆನ್ನನಿಗೆ ಬೀದಿ ಇತ್ತು, ಅದನ್ನು ಬಳಸುವ ದಾರಿ ತಿಳಿಯಲಿಲ್ಲ. ನಮ್ಮ ಮಕ್ಕಳಿಗೆ ಬೀದಿಯೇ ಇಲ್ಲ. ಆ ಬೀದಿಯನ್ನು ಕೋಣೆಯೊಳಗೆ ಕಟ್ಟಿಕೊಡುವುದೇ ಆಟದ ಕೆಲಸ.

ಉದಾಹರಣೆಗೆ, ಇಲ್ಲಿನ ಎಲ್ಲ ಮಕ್ಕಳೂ ಕಂಡಿರುವ ಗಹ್ವಾ ಉಪಚಾರವನ್ನು ನಾನು ಸರಣಿಯಾಗಿಸುತ್ತೇನೆ. ಬೀಜ ಹುರಿಯುವುದು, ಕುಟ್ಟುವುದು, ನೀರು ಕಾಯಿಸುವುದು, ಏಲಕ್ಕಿ ಹಾಕುವುದು, ದಲ್ಲಾವನ್ನು ಎಡಗೈಯಲ್ಲಿ ಹಿಡಿಯುವುದು, ಫಿಂಜಾನಿಗೆ ಸ್ವಲ್ಪವೇ ಸುರಿಯುವುದು, ಬಲಗೈಯಿಂದ ಅತಿಥಿಗೆ ನೀಡುವುದು. ಸಾಕೆನಿಸಿದ ಅತಿಥಿ ಬಟ್ಟಲನ್ನು ಮೆಲ್ಲನೆ ಅಲುಗಿಸಬೇಕು. ಅಲುಗಿಸದಿದ್ದರೆ ಮತ್ತೆ ಸುರಿಯಲಾಗುತ್ತದೆ. ಈ ಕಡೆಯ ನಿಯಮದಿಂದಲೇ ಪಾಠ ಆಟವಾಗುತ್ತದೆ. ಮೊದಲ ಸುತ್ತಿನಲ್ಲಿ ನಾನು ಹೇಳುತ್ತೇನೆ, ಅವರು ಅಭಿನಯಿಸುತ್ತಾರೆ; ಅಲ್ಲಿ ಕೆಲಸ ಕಿವಿಯದು. ಎರಡನೆಯ ಸುತ್ತಿನಲ್ಲಿ ಒಬ್ಬ ಹೇಳುತ್ತಾನೆ, ಇನ್ನೊಬ್ಬ ಮಾಡುತ್ತಾನೆ. ಹೇಳಿದವನು ಹೆಜ್ಜೆ ತಪ್ಪಿಸಿದರೆ ಖಾಲಿ ದಲ್ಲಾದಿಂದ ಕಾಫಿ ಸುರಿಯಬೇಕಾಗಿ ಬಂದು ತರಗತಿಯೆಲ್ಲ ನಗುತ್ತದೆ. ಮೂರನೆಯ ಸುತ್ತಿನಲ್ಲಿ ಬೇಕು, ಬೇಡ, ಸಾಕು, ಧನ್ಯವಾದ ಎಂಬ ಮಾತುಗಳು ನಡುವೆ ನುಗ್ಗುತ್ತವೆ. ಗ್ವೆನ್ ಹೇಳಿದ ವಸ್ತುನಿಷ್ಠ ಮತ್ತು ಆತ್ಮನಿಷ್ಠ ಭಾಷೆಗಳು ಒಂದೇ ಬಟ್ಟಲಲ್ಲಿ ಬೆರೆಯುವುದು ಹೀಗೆ.

ಫ್ರಾನ್ಸಿನ ಮಕ್ಕಳ ಆಟಗಳೂ ಈ ಕೆಲಸಕ್ಕೆ ಒದಗುತ್ತವೆ. ಝಾಕ್ ಅ ದಿ ಎಂಬ ಆಟದಲ್ಲಿ ಝಾಕ್ ಹೇಳಿದನೆಂದು ಮೊದಲಿಟ್ಟ ಆಜ್ಞೆಯನ್ನು ಮಾತ್ರ ಪಾಲಿಸಬೇಕು, ಇಲ್ಲವಾದರೆ ಔಟು. ಏಳು ಕುಟುಂಬಗಳ ಇಸ್ಪೀಟಿನಲ್ಲಿ ಇಂಥ ಮನೆಯ ಅಜ್ಜಿ ನಿನ್ನಲ್ಲಿದ್ದಾಳೆಯೇ ಎಂದು ಕೇಳಿ ಎಲೆ ಸಂಗ್ರಹಿಸಬೇಕು. ಹೌದು ಅಲ್ಲ ಎಂಬೆರಡು ಪದಗಳನ್ನು ಬಳಸದೆ ಪ್ರಶ್ನೆಗಳಿಗೆ ಉತ್ತರಿಸುವ ಆಟವೊಂದಿದೆ. ಅದು ನಾಲಿಗೆಗೆ ಸುತ್ತುದಾರಿಗಳನ್ನು ಕಲಿಸುತ್ತದೆ. ಅಂಕಿಗಳಿಗೆ ಲೋಟೊ ಸರಿ. ಫ್ರೆಂಚಿನಲ್ಲಿ 70 ಎಂದರೆ ಅರವತ್ತು-ಹತ್ತು, 80 ಎಂದರೆ ನಾಲ್ಕು-ಇಪ್ಪತ್ತು, 92 ಎಂದರೆ ನಾಲ್ಕು-ಇಪ್ಪತ್ತು-ಹನ್ನೆರಡು. ಇದನ್ನು ಪುಸ್ತಕದಲ್ಲಿ ಓದಿ ತಿಳಿಯುವುದು ಸುಲಭ. ಕೇಳಿದ ಕ್ಷಣದಲ್ಲಿ ಗ್ರಹಿಸುವುದು ಕಷ್ಟ. ಲೋಟೊ ಚೀಟಿಯ ಮೇಲೆ ಕಾಳಿಡುವ ಆತುರದಲ್ಲಿ ಕಿವಿ ಆ ವೇಗವನ್ನು ಕಲಿಯುತ್ತದೆ. ಪಿಸುಮಾತನ್ನು ಕಿವಿಯಿಂದ ಕಿವಿಗೆ ದಾಟಿಸುವ ಆಟಕ್ಕೆ ಫ್ರೆಂಚರಿಟ್ಟ ಹೆಸರಿನ ಅರ್ಥ ಅರಬ್ಬರ ದೂರವಾಣಿ. ಇಲ್ಲಿ ಆ ಹೆಸರನ್ನು ನಾನು ಬಳಸುವುದಿಲ್ಲ, ಆಟವನ್ನು ಬಿಡುವುದಿಲ್ಲ.

ಕಿವಿಯ ಆಟಗಳಲ್ಲಿ ಮಾತೃಭಾಷೆಗಳ ಗುಟ್ಟು ಬಯಲಾಗುತ್ತದೆ. ಅರಬ್ಬಿಯಲ್ಲಿ ಪಕಾರವಿಲ್ಲ, ಆದ್ದರಿಂದ ರೊಟ್ಟಿ ಎಂಬರ್ಥದ ಪ್ಯಾಂ ಮತ್ತು ಸ್ನಾನ ಎಂಬರ್ಥದ ಬ್ಯಾಂ ಪದಗಳು ಅರಬ್ ಮಕ್ಕಳಿಗೆ ಒಂದೇ ಎನಿಸುತ್ತವೆ. ಕನ್ನಡದ ಮಗುವಿಗೆ ಅದರಲ್ಲಿ ತೊಡಕಿಲ್ಲ. ಆದರೆ ಮೀನಿಗೂ ವಿಷಕ್ಕೂ ಫ್ರೆಂಚಿನಲ್ಲಿ ಇರುವ ವ್ಯತ್ಯಾಸ ಒಂದು ಸಕಾರವನ್ನು ಘೋಷಗೊಳಿಸುವುದರಲ್ಲಿದೆ; ಆ ಘೋಷಧ್ವನಿ ಅರಬ್ಬಿಯಲ್ಲಿದೆ, ಅಚ್ಚಗನ್ನಡದಲ್ಲಿಲ್ಲ. ಗಂಟಲಿನಿಂದ ಹೊರಡುವ ಫ್ರೆಂಚ್ ರಕಾರ ಅರಬ್ಬಿಯ ಘೈನ್ ಅಕ್ಷರಕ್ಕೆ ಸಮೀಪವಾದ್ದರಿಂದ ಸೌದಿ ಮಗು ಅದನ್ನು ಸಲೀಸಾಗಿ ಉಚ್ಚರಿಸುತ್ತದೆ. ಮಂಗಳೂರಿನ ಮಗು ಹೆಣಗುತ್ತದೆ. ಇಬ್ಬರನ್ನೂ ಜೋಡಿಯಾಗಿ ಕೂರಿಸಿ ಆಡಿಸಿದರೆ ಒಬ್ಬರು ಇನ್ನೊಬ್ಬರಿಗೆ ಗುರುವಾಗುತ್ತಾರೆ.

ಪದ್ಧತಿಯ ಮಿತಿಗಳು

ಗ್ವೆನ್ನನನ್ನು ಗೌರವಿಸುವುದೆಂದರೆ ಆತನ ಮಾತನ್ನೆಲ್ಲ ಒಪ್ಪುವುದೆಂದಲ್ಲ. ಮೊದಲ ಆಕ್ಷೇಪ ಮೂಲ ನಿದರ್ಶನಕ್ಕೇ ಸಂಬಂಧಿಸಿದ್ದು. ಆ ಮಗು ಗಿರಣಿಯಲ್ಲಿ ಕಲಿತದ್ದು ತನ್ನದೇ ಭಾಷೆಯ ಹೊಸ ಪದಗಳನ್ನು. ಆಟ ಆರಂಭವಾಗುವ ಮೊದಲೇ ಸಾವಿರಾರು ಗಂಟೆಗಳ ಫ್ರೆಂಚ್ ಅದರ ಕಿವಿಯೊಳಗೆ ಇಳಿದಿತ್ತು. ಅದೇ ಕ್ರಮ ಪರಭಾಷೆಗೂ ಅಷ್ಟೇ ಸುಲಭವಾಗಿ ಹೊಂದುತ್ತದೆಂದು ಊಹಿಸುವುದು ದೊಡ್ಡ ಜಿಗಿತ. ಎರಡನೆಯದಾಗಿ, ಜರ್ಮನಿಗೆ ಮರಳಿದ ಮೇಲೆ ಆತ ಬೇಗ ಕಲಿತದ್ದಕ್ಕೆ ಹೊಸ ವಿಧಾನವೊಂದೇ ಕಾರಣವೆಂದು ಹೇಳುವಂತಿಲ್ಲ. ಕಂಠಸ್ಥವಾಗಿ ನಿದ್ರಿಸುತ್ತಿದ್ದ ಆ ವ್ಯಾಕರಣ, ಆ 30,000 ಪದಗಳು ಮಕ್ಕಳ ಮಾತಿನ ಸ್ಪರ್ಶದಿಂದ ಎಚ್ಚೆತ್ತಿರಲೂಬಹುದು.

ಮೂರನೆಯದು ತರಗತಿಯ ಅನುಭವದಿಂದ ಬಂದ ಆಕ್ಷೇಪ. ಸರಣಿಯ ವಾಕ್ಯಗಳೆಲ್ಲ ಹೇಳಿಕೆಗಳು. ಬದುಕಿನ ಮಾತು ಬಹುಪಾಲು ಪ್ರಶ್ನೆ, ಉತ್ತರ, ತಕರಾರು. ಹಿಡಿಕೆಗೆ ಕೈಯಿಡುತ್ತೇನೆಂದು ಯಾರೂ ಯಾರಿಗೂ ಹೇಳುವುದಿಲ್ಲ. ಮುಂದಿನ ವಾಕ್ಯ ಏನೆಂದು ಎಲ್ಲರಿಗೂ ಗೊತ್ತಿರುವಾಗ ಕೇಳುವ ಅಗತ್ಯವೂ ಸಡಿಲವಾಗುತ್ತದೆ. ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದಾಗ ಮಾತ್ರ ಮಾತಿಗೆ ಬಲ ಬರುತ್ತದೆ. ಈ ತತ್ತ್ವವನ್ನು ಸ್ಪಷ್ಟವಾಗಿ ಬೆಳೆಸಿದ ಪ್ರಯೋಗಗಳಲ್ಲೊಂದು ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಇಂಗ್ಲಿಷ್ ಬೋಧನೆಯ ಬೆಂಗಳೂರು ಪ್ರಾಜೆಕ್ಟಿನಲ್ಲಿ ಮಕ್ಕಳು ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದವುಗಳನ್ನಿಟ್ಟುಕೊಂಡು ಸಮಸ್ಯೆ ಬಿಡಿಸುತ್ತಿದ್ದರು; ಭಾಷೆ ಅದರ ದಾರಿಯಲ್ಲಿ ದಕ್ಕುತ್ತಿತ್ತು. ಕ್ರಿಯೆ ಮತ್ತು ಮಾತಿನ ನಂಟನ್ನು 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಷರ್ ಮತ್ತೆ ಎತ್ತಿಕೊಂಡನು: ಆಜ್ಞೆಯನ್ನು ಕೇಳಿ ಮೈಯಿಂದ ಉತ್ತರಿಸುವುದು ಮೊದಲು, ಬಾಯಿಂದ ಉತ್ತರಿಸುವುದು ಆಮೇಲೆ. ಗ್ವೆನ್ನನ ಸರಣಿಗೆ ಇವೆರಡನ್ನೂ ಸೇರಿಸಿದರೆ ಇಂದಿನ ಭಾಷಾಟಗಳ ಬಹುಪಾಲು ಸಿದ್ಧವಾಗುತ್ತದೆ.

ಕನ್ನಡಿಗರಿಗೆ ಒಂದು ಸೂಚನೆ

ಗ್ವೆನ್ನನಿಗೆ ಕನ್ನಡ ತಿಳಿದಿದ್ದರೆ ಹಿಗ್ಗುತ್ತಿದ್ದನೆಂದು ನನಗೆ ಅನೇಕ ಸಲ ಅನ್ನಿಸಿದೆ. ಆತ ಹತ್ತಾರು ಪುಟ್ಟ ವಾಕ್ಯಗಳಿಂದ ಕಟ್ಟಿದ ಸರಪಣಿಯನ್ನು ಕನ್ನಡ ಒಂದೇ ವಾಕ್ಯದಲ್ಲಿ ಕಟ್ಟುತ್ತದೆ: ಎದ್ದು, ಹೋಗಿ, ಹಿಡಿದು, ತಿರುಗಿಸಿ, ತೆರೆದನು. ನಮ್ಮ ಕೃದಂತಾವ್ಯಯಗಳು ಕಾಲಕ್ರಮವನ್ನು ವ್ಯಾಕರಣದೊಳಗೇ ಹೊತ್ತಿವೆ. ಕಡೆಯ ಕ್ರಿಯಾಪದ ಬರುವವರೆಗೆ ವಾಕ್ಯ ನಿಲ್ಲುವುದಿಲ್ಲ. ಫ್ರೆಂಚಿನಲ್ಲಿ ಪ್ರತಿ ಹೆಜ್ಜೆಗೂ ಸಾಮಾನ್ಯವಾಗಿ ಪೂರ್ಣಕ್ರಿಯೆ ಬೇಕು, ಆಮೇಲೆ, ತರುವಾಯ ಎಂಬ ಅರ್ಥದ ಪದಗಳ ಆಸರೆ ಬೇಕು. ಕನ್ನಡದ ಮಕ್ಕಳು ಫ್ರೆಂಚಿನಲ್ಲಿ ಕಥೆ ಹೇಳುವಾಗ ಮುಗ್ಗರಿಸುವ ಜಾಗ ಇದೇ. ಆ ವ್ಯತ್ಯಾಸವನ್ನು ಅವರಿಗೆ ಒಮ್ಮೆ ತೋರಿಸಿಕೊಟ್ಟರೆ ಮುಗ್ಗರಿಕೆ ಬಹಳಷ್ಟು ಕಡಿಮೆಯಾಗುತ್ತದೆ.

ಇದರ ಮರುಮುಖವೂ ಉಂಟು. ಅದು ಫ್ರೆಂಚಿಗಿಂತ ನಮಗೆ ಹತ್ತಿರದ್ದು. ದಮ್ಮಾಮ್, ಖೋಬರ್, ಜುಬೈಲ್, ಜಿದ್ದಾ, ರಿಯಾದ್‌ಗಳಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಬಂದ ಸಂಸಾರಗಳು ಎಷ್ಟೋ ಇವೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡವೂ ಬೀದಿಯಿಲ್ಲದ ಭಾಷೆ. ಮನೆಯ ಹೊಸಿಲು ದಾಟಿದರೆ ಅದು ಕೇಳಿಸುವುದಿಲ್ಲ. ತಂದೆತಾಯಂದಿರು ರಜೆಯಲ್ಲಿ ವರ್ಣಮಾಲೆ ಬರೆಸುತ್ತಾರೆ, ಹಣ್ಣು ತರಕಾರಿಗಳ ಹೆಸರುಗಳನ್ನು ಪಟ್ಟಿ ಮಾಡಿಸುತ್ತಾರೆ. ಅದು ಹ್ಯಾಂಬರ್ಗಿನ ಕೋಣೆಯ ದಾರಿ. ಪಟ್ಟಿ ನೆನಪಿರುತ್ತದೆ, ಅಜ್ಜಿ ಫೋನಿನಲ್ಲಿ ಏನಾದರೂ ಕೇಳಿದರೆ ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ಅದೇ ಮಗುವನ್ನು ದೋಸೆಹಿಟ್ಟು ರುಬ್ಬುವಾಗ ಪಕ್ಕದಲ್ಲಿ ನಿಲ್ಲಿಸಿ, ಅಕ್ಕಿ ತೊಳೆಯುವುದರಿಂದ ಕಾವಲಿಯ ಮೇಲೆ ಹುಯ್ಯುವವರೆಗೆ ಪ್ರತಿ ಹೆಜ್ಜೆಯನ್ನೂ ಹೇಳುತ್ತ ಮಾಡಿ, ಆಮೇಲೆ ಅದರ ಕೈಗೆ ಆಟದ ಪಾತ್ರೆ ಕೊಟ್ಟು ಹೇಳಿಸಿದರೆ, ಕ್ರಿಯಾಪದಗಳು ತಾವಾಗಿ ಬರುತ್ತವೆ. ನಾಮಪದಗಳು ಅವುಗಳ ಬೆರಳು ಹಿಡಿದು ಹಿಂದೆ ಬರುತ್ತವೆ.

ಗ್ವೆನ್ 1896ರಲ್ಲಿ ತೀರಿಕೊಂಡನು. ಆತನ ಸರಣಿಗಳನ್ನು ಇದ್ದಂತೆಯೇ ಪಾಠಮಾಡುವವರು ಈಗ ಇಲ್ಲವೆನ್ನುವಷ್ಟು ಕಡಿಮೆ. ನೇರ ಪದ್ಧತಿಯ ಅಲೆಯೊಳಗೆ ಆತನ ಹೆಸರು ಕರಗಿಹೋಯಿತು. ಉಳಿದಿರುವುದು ಆತ ಮಾಡಿದ ಒಂದು ಕೆಲಸ: ಒಬ್ಬ ಪಂಡಿತ ತನ್ನ ಪಾಂಡಿತ್ಯವನ್ನು ಬದಿಗಿಟ್ಟು, ಮರಳು ತುಂಬಿದ ಚೀಲ ಹೊತ್ತ ಮಗುವಿನ ಹಿಂದೆ ನಡೆದು, ಅದು ಏನು ಮಾತಾಡುತ್ತಿದೆಯೆಂದು ಕಿವಿಗೊಟ್ಟು ಕೇಳಿದನು. ಭಾಷೆ ಕಲಿಸಬಯಸುವವರಿಗೆ, ಅದು ಫ್ರೆಂಚಾಗಲಿ ಕನ್ನಡವಾಗಲಿ, ಮೊದಲು ಬೇಕಾದುದು ಆ ಕಿವಿ.